ಅಘನಾಶಿನಿ ಕಣಿವೆಯಲ್ಲಿ ಒಂದು ದಿನದ ಜೀಪ್ ಪ್ರಯಾಣ: ಗಾಡಿ ಹೂತುಹೋಗದೆ, ಕತ್ತಲಾಗುವ ಮೊದಲು ವಾಪಸ್ ಬರುವ ಕ್ರಮ

ದೀಪಾವಳಿ ಮುಗಿದು ಮಳೆ ನಿಂತರೆ ಸಾಕು, ನನಗೆ ಒಂದೇ ಥರದ ಫೋನುಗಳು ಬರುತ್ತವೆ. "ಬೆಣ್ಣೆಹೊಳೆಗೆ ಹೋಗಿದ್ವಿ, ಗಾಡಿ ಹೂತುಹೋಯ್ತು." "ಉಂಚಳ್ಳಿಗೆ ಹೋಗೋಷ್ಟರಲ್ಲಿ ಕತ್ತಲಾಯ್ತು, ಏನೂ ಕಾಣಲಿಲ್ಲ." "ಡ್ರೈವರ್ ಅರ್ಧದಲ್ಲಿ ಜಾಸ್ತಿ ದುಡ್ಡು ಕೇಳಿದ." ಬೆಣ್ಣೆಹೊಳೆ, ಉಂಚಳ್ಳಿ ಎರಡೂ ಈ ಕಣಿವೆಯ ಜಲಪಾತಗಳು. ಎಲ್ಲ ಫೋನುಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ತಪ್ಪು ಇರೋದು ಕಾಡಿನಲ್ಲಲ್ಲ, ಹೊರಡುವ ಮುಂಚಿನ ಯೋಜನೆಯಲ್ಲಿ. ಯಾವುದು ಮೊದಲು ಮಾಡಬೇಕೋ ಅದನ್ನು ಕೊನೆಗೆ ಮಾಡುತ್ತಾರೆ. ಅದಕ್ಕೇ ಇಲ್ಲಿ ಶಿರಸಿಯಿಂದ ಹೊರಟು ಶಿರಸಿಗೇ ವಾಪಸ್ ಬರುವ ಒಂದು ದಿನದ ಕ್ರಮವನ್ನು ಮೊದಲಿನಿಂದ ಕೊನೆವರೆಗೆ ಬರೆದಿದ್ದೇನೆ. ಸ್ಥಳೀಯ ಚಾಲಕರೊಬ್ಬರ ಜೀಪ್ ಬಾಡಿಗೆಗೆ ಹಿಡಿದು ಹೋಗುವವರಿಗೆ ಇದು. ಸ್ವಂತ ಫೋರ್ ವೀಲ್ ಗಾಡಿ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಕೊಡಬಹುದಾದ ಗಾಡಿ) ಇದ್ದವರಿಗೂ ನಡುವೆ ಒಂದು ಭಾಗ ಇದೆ.

ಒಂದು ಮಾತು ಮೊದಲೇ. ಆಫ್‌ರೋಡ್ ಅಂದರೆ ಇಲ್ಲಿ ಈಗಾಗಲೇ ಇರುವ ಮಣ್ಣು ರಸ್ತೆಯಲ್ಲಿ ಹೋಗುವುದು. ಹೊಳೆಯೊಳಗೆ ಗಾಡಿ ಕುಣಿಸುವುದು, ಕಾಡಿನಲ್ಲಿ ಹೊಸ ದಾರಿ ಮಾಡುವುದು ಅಲ್ಲ. ಮೀಸಲು ಅರಣ್ಯಕ್ಕೆ ಅನುಮತಿ ಇಲ್ಲದೆ ನುಗ್ಗುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಅದೂ ಅಲ್ಲದೆ ಈ ಕಣಿವೆಯ ಒಂದು ದೊಡ್ಡ ಭಾಗ 2011ರಿಂದ ಸಿಂಗಳೀಕಗಳ ಸಂರಕ್ಷಣಾ ಮೀಸಲು ಪ್ರದೇಶ. ಕೇಸು ಬಿದ್ದರೆ ನಿಮ್ಮ ಮೇಲೆ ಮಾತ್ರ ಅಲ್ಲ, ನಿಮ್ಮನ್ನು ನಂಬಿ ಬಂದ ಚಾಲಕನ ಮೇಲೂ ಬೀಳುತ್ತದೆ.

## ಹಂತ 1: ಎರಡೇ ಜಾಗ ಆರಿಸಿಕೊಳ್ಳಿ

ಬಹಳ ಜನ ಎಡವುವುದು ಇಲ್ಲೇ. ಉಂಚಳ್ಳಿ, ಬೆಣ್ಣೆಹೊಳೆ, ಯಾಣದ ಬಂಡೆ, ವಿಭೂತಿ ಜಲಪಾತ, ಸಂಜೆಗೆ ಗೋಕರ್ಣದ ಸೂರ್ಯಾಸ್ತ ಎಂದು ಐದು ಹೆಸರು ಬರೆದುಕೊಂಡು ಬರುತ್ತಾರೆ. ನಕ್ಷೆಯಲ್ಲಿ ಎಲ್ಲವೂ ಒಂದು ಗೇಣಿನ ಒಳಗೇ ಕಾಣುತ್ತವೆ. ಆದರೆ ಘಟ್ಟದಲ್ಲಿ ಕಿಲೋಮೀಟರ್ ಲೆಕ್ಕ ಸುಳ್ಳು ಹೇಳುತ್ತದೆ, ಗಂಟೆ ಲೆಕ್ಕ ಹಾಕಬೇಕು. ಮಣ್ಣು ದಾರಿಯಲ್ಲಿ ಜೀಪ್ ಗಂಟೆಗೆ ಹತ್ತು ಕಿಲೋಮೀಟರ್ ಹೋದರೆ ಅದೇ ದೊಡ್ಡದು.

ನನ್ನ ಸಲಹೆ: ಬೆಳಗ್ಗೆ ಬೆಣ್ಣೆಹೊಳೆ, ಮಧ್ಯಾಹ್ನದ ಮೇಲೆ ಉಂಚಳ್ಳಿ. ಬೆಣ್ಣೆಹೊಳೆ ಶಿರಸಿಯಿಂದ ಸುಮಾರು 30 ಕಿಲೋಮೀಟರ್, ಕುಮಟಾ ರಸ್ತೆಯಲ್ಲಿ ಹೋಗಿ ಕಸಗೆ ಕಡೆಗೆ ತಿರುಗಬೇಕು. ಕೊನೆಯ ಒಂದೆರಡು ಕಿಲೋಮೀಟರ್ ಒರಟು ದಾರಿ, ಅದಾದ ಮೇಲೆ ಕಡಿದಾದ ಇಳಿಜಾರಿನಲ್ಲಿ ನಡಿಗೆ. ಉಂಚಳ್ಳಿ ಹೆಗ್ಗರಣೆ ಹತ್ತಿರ, ಸಿದ್ದಾಪುರ ತಾಲ್ಲೂಕಿಗೆ ಸೇರಿದ್ದು. ಅಘನಾಶಿನಿ ನದಿ ಅಲ್ಲಿ 116 ಮೀಟರ್ ಕೆಳಕ್ಕೆ ಬೀಳುತ್ತದೆ. ಆ ಸದ್ದಿಗೇ ಊರವರು ಅದನ್ನು ಕೆಪ್ಪ ಜೋಗ ಅನ್ನುತ್ತಾರೆ. ನೋಡುವ ಜಾಗಕ್ಕೆ ಮೆಟ್ಟಿಲುಗಳಿವೆ.

ಇದೇ ಕ್ರಮ ಯಾಕೆ? ಕಷ್ಟದ ದಾರಿ ಬೆಳಗ್ಗೆಯೇ ಮುಗಿಯಬೇಕು. ಗಾಡಿ ಸಿಕ್ಕಿಬಿದ್ದರೂ ಎಳೆಸಿಕೊಳ್ಳಲು ಹಗಲು ಇರುತ್ತದೆ, ಆಳು ಸಿಗುತ್ತಾರೆ. ಇನ್ನೊಂದು ಕಾರಣ, ಬೆಳಗ್ಗೆ ಉಂಚಳ್ಳಿಯ ಕಣಿವೆಯಲ್ಲಿ ಎಷ್ಟೋ ಸಲ ಮಂಜು ತುಂಬಿಕೊಂಡಿರುತ್ತದೆ. ಸದ್ದು ಕೇಳಿಸುತ್ತದೆ, ನೀರು ಕಾಣುವುದಿಲ್ಲ.

ಯಾಣ-ವಿಭೂತಿ ಬೇಕೇ ಬೇಕು ಅನ್ನುವವರು ಅದಕ್ಕೆ ಬೇರೆ ದಿನ ಇಟ್ಟುಕೊಳ್ಳಿ. ಅವೆರಡೂ ವಡ್ಡಿ ಘಟ್ಟದ ಕಡೆ ಇವೆ.

## ಹಂತ 2: ದಿನ ನಿಶ್ಚಯಿಸಿ

ಅಕ್ಟೋಬರ್ ಕೊನೆಯಿಂದ ಜನವರಿವರೆಗೆ ಒಳ್ಳೆಯ ಸಮಯ. ಹೊಳೆಯಲ್ಲಿ ನೀರೂ ಇರುತ್ತದೆ, ದಾರಿಯೂ ಒಣಗಿರುತ್ತದೆ. ಫೆಬ್ರವರಿ ದಾಟಿದರೆ ದಾರಿ ಸುಲಭ, ಆದರೆ ನೀರು ಸೊರಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ಹಾಗೆಂದರೆ ಕೆಲವರಿಗೆ ಸಿಟ್ಟು ಬರುತ್ತದೆ, ಮಳೆಗಾಲದಲ್ಲೇ ಅಲ್ವಾ ಮಜಾ ಅಂತ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡವೇ ಜರಿದು ಬಿತ್ತು. ಅದು ರಾಷ್ಟ್ರೀಯ ಹೆದ್ದಾರಿ. ಕಾಡಿನ ಜೀಪ್ ದಾರಿಯ ಪಕ್ಕದ ಧರೆಯನ್ನು, ಅಂದರೆ ಕಡಿದಾದ ಮಣ್ಣಿನ ಗೋಡೆಯನ್ನು, ಯಾರು ಕಾಯುತ್ತಾರೆ? ಮಳೆ ಜೋರಾದಾಗ ಅರಣ್ಯ ಇಲಾಖೆಯೂ ಜಲಪಾತಗಳಿಗೆ ಪ್ರವೇಶ ನಿಲ್ಲಿಸುತ್ತದೆ.

ಕರಾವಳಿಯಿಂದ ಬರುವವರಿಗೆ ಒಂದು ಸೂಚನೆ. ಕುಮಟಾ-ಶಿರಸಿ ನಡುವಿನ ದೇವಿಮನೆ ಘಟ್ಟದ ರಸ್ತೆ ಅಗಲೀಕರಣದ ಕೆಲಸಕ್ಕೆಂದೂ, ಧರೆ ಕುಸಿದೂ ಹಲವು ಸಲ ಬಂದ್ ಆಗಿದೆ. ಕುಮಟಾದವರು ಹಿಂದಿನ ದಿನ ರಸ್ತೆ ತೆರೆದಿದೆಯೇ ಎಂದು ಕೇಳಿಕೊಂಡೇ ಹೊರಡಿ. ಕಾರವಾರದವರಂತೂ ಹಿಂದಿನ ರಾತ್ರಿಯೇ ಶಿರಸಿಗೆ ಬಂದು ಮಲಗಿ. ಬೆಳಗ್ಗೆ ಐದಕ್ಕೆ ಎದ್ದು ಘಟ್ಟ ಹತ್ತಿ ಬಂದವರು ಜೀಪ್ ಹತ್ತುವ ಹೊತ್ತಿಗೇ ಸುಸ್ತಾಗಿರುತ್ತಾರೆ.

## ಹಂತ 3: ಜೀಪ್ ಮತ್ತು ಚಾಲಕರನ್ನು ಗೊತ್ತುಮಾಡುವುದು

ಒಂದು ವಾರ ಮೊದಲೇ ಮಾತಾಡಿ. ಅಲ್ಲೇ ಹೋಗಿ ಹಿಡಿದರಾಯ್ತು ಎಂದು ಹೊರಟವರಿಗೆ ಭಾನುವಾರ ಗಾಡಿ ಸಿಗುವುದಿಲ್ಲ, ಸಿಕ್ಕರೂ ಹನ್ನೊಂದು ಗಂಟೆಗೆ ಸಿಗುತ್ತದೆ. ಉಳಿದುಕೊಳ್ಳುವ ಹೋಮ್‌ಸ್ಟೇಯವರನ್ನು ಕೇಳಿದರೆ ಸಾಮಾನ್ಯವಾಗಿ ಆ ಊರಿನವರನ್ನೇ ಹೇಳುತ್ತಾರೆ. ಪೇಟೆಯ ಚಾಲಕರಿಗಿಂತ ಕಣಿವೆಯ ಊರಿನವರೇ ಉತ್ತಮ. ನಿನ್ನೆ ಯಾವ ಮರ ಬಿತ್ತು, ಯಾವ ಸಂಕ (ಹಳ್ಳದ ಚಿಕ್ಕ ಸೇತುವೆ) ಹೋಯಿತು ಎಂಬುದು ಅವರಿಗೇ ಗೊತ್ತಿರುತ್ತದೆ.

ಫೋನಿನಲ್ಲಿ ಇಷ್ಟು ಕೇಳಿ:

1. ಕೊನೆಯ ಸಲ ಆ ದಾರಿಯಲ್ಲಿ ಹೋಗಿದ್ದು ಯಾವಾಗ? ಎರಡು ವಾರದ ಒಳಗೆ ಆದರೆ ಸರಿ. "ಹೋದ ವರ್ಷ" ಎಂದರೆ ಬೇರೆಯವರನ್ನು ನೋಡಿ.
2. ಗಾಡಿ ಹಳದಿ ಬೋರ್ಡಿನದೇ? ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಓಡಿಸುವಂತಿಲ್ಲ. ಏನಾದರೂ ಆದರೆ ವಿಮೆಯವರು ತಕರಾರು ತೆಗೆಯುತ್ತಾರೆ.
3. ಫೋರ್ ವೀಲ್ ಇದೆಯೇ, ಅದು ಕೆಲಸ ಮಾಡುತ್ತದೆಯೇ? ಎರಡೂ ಬೇರೆ ಬೇರೆ ಪ್ರಶ್ನೆ. ಲಿವರ್ ಇದ್ದು ವರ್ಷಗಟ್ಟಲೆ ಹಾಕದೇ ಇರುವ ಹಳೆಯ ಜೀಪುಗಳು ನಮ್ಮಲ್ಲಿ ಬೇಕಾದಷ್ಟಿವೆ.
4. ಎಷ್ಟು ಜನ ಕೂರಬಹುದು? "ಎಷ್ಟಾದ್ರೂ ಬನ್ನಿ" ಎಂದರೆ ಅದು ಒಳ್ಳೆಯ ಉತ್ತರ ಅಲ್ಲ.
5. ದುಡ್ಡಿನಲ್ಲಿ ಏನೇನು ಸೇರಿದೆ? ಡೀಸೆಲ್, ಕಾಯುವ ಹೊತ್ತು, ಚಾಲಕರ ಊಟ, ಗಾಡಿ ಸಿಕ್ಕಿಬಿದ್ದರೆ ಟ್ರ್ಯಾಕ್ಟರ್ ಬಾಡಿಗೆ ಯಾರದ್ದು, ಇವೆಲ್ಲ ಮೊದಲೇ ಬಾಯಿಬಿಟ್ಟು ಮಾತಾಡಿ. ಆಮೇಲೆ ಅದನ್ನೇ ವಾಟ್ಸಾಪಿನಲ್ಲಿ ಬರೆದು ಕಳಿಸಿ.

ಐದನೆಯದನ್ನು ಕೇಳಲು ನಮ್ಮ ಕಡೆಯವರಿಗೆ ಸಂಕೋಚ. ಗೊತ್ತಿದ್ದವರ ಹತ್ತಿರ ದುಡ್ಡಿನ ಮಾತು ಹೇಗೆ ಆಡೋದು ಅಂತ. ಹಾಗೆ ಸಂಕೋಚಪಟ್ಟವರೇ ಸಂಜೆ ಜಗಳ ಆಡಿಕೊಂಡು ಬರುತ್ತಾರೆ.

ಚಾಲಕರು ಒಪ್ಪಿದ ಮೇಲೆ ಊಟದ ಮಾತನ್ನೂ ಅವರಿಗೇ ಬಿಡಿ. ದಾರಿಯಲ್ಲಿ ಹೋಟೆಲ್ ಸಿಗುತ್ತದೆ ಎಂದು ನಂಬಬೇಡಿ. ಹೆಗ್ಗರಣೆ ಕಡೆ ಯಾವುದಾದರೂ ಮನೆಯಲ್ಲಿ ಊಟಕ್ಕೆ ಹೇಳಿಡಿ ಎಂದರೆ ಏರ್ಪಾಡು ಆಗುತ್ತದೆ. ಎಷ್ಟು ಜನ ಎಂದು ಸರಿಯಾಗಿ ಹೇಳಿ. ಎಂಟು ಜನಕ್ಕೆ ಹೇಳಿ ಹದಿಮೂರು ಜನ ಹೋಗಿ ನಿಂತರೆ ಪಾಪ ಆ ಮನೆಯ ಅಕ್ಕ ಏನು ಮಾಡಬೇಕು?

## ಹಂತ 4: ಹಿಂದಿನ ರಾತ್ರಿ ಕಟ್ಟಿಕೊಳ್ಳುವ ಸಾಮಾನು

ನಿಮ್ಮ ಚೀಲದಲ್ಲಿ: ತಲೆಗೆ ಎರಡು ಲೀಟರ್ ನೀರು, ಒಂದಿಷ್ಟು ಅವಲಕ್ಕಿ ಅಥವಾ ಚಪಾತಿ, ಟಾರ್ಚು, ಒಂದು ಜೊತೆ ಒಣ ಬಟ್ಟೆ, ಉದ್ದ ಕಾಲುಚೀಲ, ಹಿಡಿತ ಇರುವ ಬೂಟು. ರಬ್ಬರ್ ಚಪ್ಪಲಿ ಬೇಡವೇ ಬೇಡ. ಉಂಬಳಕ್ಕೆ (ಕಾಡಿನ ಜಿಗಣೆಗೆ) ಉಪ್ಪಿನ ಗಂಟು, ಇಲ್ಲವೇ ಸುಣ್ಣ ಮತ್ತು ತಂಬಾಕು. ನಗದು ದುಡ್ಡು. ಕಣಿವೆಗೆ ಇಳಿದ ಮೇಲೆ ನೆಟ್‌ವರ್ಕ್ ಇರುವುದಿಲ್ಲ, ಫೋನ್‌ಪೇ ತೋರಿಸಿದರೆ ಯಾರೂ ಎಳನೀರು ಕೊಡುವುದಿಲ್ಲ. ನಕ್ಷೆಯನ್ನು ರಾತ್ರಿಯೇ ಫೋನಿಗೆ ಇಳಿಸಿಕೊಳ್ಳಿ. ಆದರೆ ದಾರಿಗೆ ಚಾಲಕರ ಮಾತನ್ನೇ ನಂಬಿ, ನಕ್ಷೆಯನ್ನಲ್ಲ. ಮನೆಯಲ್ಲಿ ಉಳಿದವರಿಗೆ ಚಾಲಕರ ನಂಬರು, ಹೋಗುವ ಜಾಗ, ವಾಪಸ್ ಬರುವ ಹೊತ್ತು ಹೇಳಿಡಿ. ತುರ್ತಿಗೆ 112, ಆಂಬುಲೆನ್ಸಿಗೆ 108.

ಗಾಡಿಯಲ್ಲಿ ಇರಬೇಕಾದ್ದು: ಗಾಳಿ ತುಂಬಿದ ಸ್ಟೆಪ್ನಿ, ಜಾಕ್, ಜಾಕಿನ ಕೆಳಗೆ ಇಡಲು ಹಲಗೆ ತುಂಡು, ಗಟ್ಟಿ ಹಗ್ಗ, ಗುದ್ದಲಿ, ಸಲಿಕೆ, ಕತ್ತಿ. ಹಲಗೆ ತುಂಡನ್ನು ಎಲ್ಲರೂ ಮರೆಯುತ್ತಾರೆ. ಹಸಿ ಮಣ್ಣಿನಲ್ಲಿ ಹಲಗೆ ಇಲ್ಲದೆ ಜಾಕ್ ಕೊಟ್ಟರೆ ಗಾಡಿ ಮೇಲೆ ಬರುವುದಿಲ್ಲ, ಜಾಕೇ ಕೆಳಗೆ ಹೋಗುತ್ತದೆ.

## ಹಂತ 5: ಬೆಳಗ್ಗೆ ಆರೂವರೆಗೆ, ಜೀಪ್ ಹತ್ತುವ ಮೊದಲು

ಹತ್ತು ನಿಮಿಷ ಸಾಕು. ಟೈರಿನ ಹಲ್ಲು ಸವೆದು ನುಣ್ಣಗಾಗಿದೆಯೇ ನೋಡಿ. ಹ್ಯಾಂಡ್‌ಬ್ರೇಕ್ ಹಾಕಿ ಸ್ವಲ್ಪ ಇಳಿಜಾರಿನಲ್ಲಿ ನಿಲ್ಲಿಸಲು ಹೇಳಿ. ಮಣ್ಣಿನ ಮೇಲೆ ಫೋರ್ ವೀಲ್ ಹಾಕಿ ನಾಲ್ಕು ಮಾರು ಓಡಿಸಿ ತೋರಿಸಲು ಹೇಳಿ. ಒಳ್ಳೆಯ ಚಾಲಕರಿಗೆ ಇದರಿಂದ ಬೇಜಾರಾಗುವುದಿಲ್ಲ. "ಅಣ್ಣಾ, ನಂಗೂ ಕಲಿಯೋಕೆ ಆಸೆ, ಒಂದ್ಸಲ ತೋರ್ಸಿ" ಎಂದರೆ ಖುಷಿಯಿಂದಲೇ ತೋರಿಸುತ್ತಾರೆ.

ಹೊಟ್ಟೆ ತುಂಬ ಇಡ್ಲಿ-ವಡೆ ತಿಂದು ಹತ್ತಬೇಡಿ. ಘಟ್ಟದ ತಿರುವಿಗೆ ಎಲ್ಲ ಹೊರಗೆ ಬರುತ್ತದೆ. ವಾಂತಿ ಬರುವವರು ಮುಂದಿನ ಸೀಟಿನಲ್ಲಿ ಕೂರಲಿ. ಅಡ್ಡ ಸೀಟಿನಲ್ಲಿ ಕೂತವರು ಮೇಲಿನ ಸರಳು ಹಿಡಿದಿರಬೇಕು, ಆದರೆ ಕೈ ಗಾಡಿಯ ಹೊರಗೆ ಹೋಗಬಾರದು. ಬಿದಿರು ಮುಳ್ಳು ಕೈ ಸೀಳುತ್ತದೆ. ಹಿಂದೆ ಜೋತುಬಿದ್ದು ವಿಡಿಯೋ ಮಾಡುವವರು ಇದ್ದರೆ ಗಾಡಿ ನಿಲ್ಲಿಸಿ ಅಂತ ನೀವೇ ಹೇಳಿ, ಚಾಲಕರ ಬಾಯಲ್ಲಿ ಹೇಳಿಸಬೇಡಿ.

## ಹಂತ 6: ಒರಟು ದಾರಿ

ಬೆಣ್ಣೆಹೊಳೆ ಕಡೆಗೆ ಟಾರು ಮುಗಿದಲ್ಲಿಂದ ಕೆಲಸ ಶುರು. ದಾರಿ ಅಡಿಕೆ ತೋಟ, ಸೊಪ್ಪಿನ ಬೆಟ್ಟಗಳ (ತೋಟಕ್ಕೆ ಸೊಪ್ಪು ತರುವ ಕಾಡಿನ) ಅಂಚಿನಲ್ಲಿ ಹೋಗುತ್ತದೆ. ನಡುವೆ ದಣಪೆ (ದನ ನುಗ್ಗದಂತೆ ಅಡ್ಡ ಹಾಕುವ ಗಳಗಳ ಗೇಟು) ಸಿಕ್ಕರೆ ತೆಗೆದು, ಗಾಡಿ ದಾಟಿದ ಮೇಲೆ ಮತ್ತೆ ಹಾಕಲೇಬೇಕು. ನೀವು ಬಿಟ್ಟುಹೋದ ದಣಪೆಯಲ್ಲಿ ದನ ನುಗ್ಗಿದರೆ ಮುಂದಿನ ವಾರ ಬರುವ ಜೀಪಿಗೆ ಆ ಊರಿನಲ್ಲಿ ದಾರಿ ಇಲ್ಲ.

ಚಾಲಕರು "ಇಳೀರಿ" ಎಂದರೆ ಪ್ರಶ್ನೆ ಕೇಳದೆ ಇಳಿಯಿರಿ. ಆರು ಜನರ ಭಾರ ಇಳಿದರೆ ಸುಮಾರು ನಾಲ್ಕು ಕ್ವಿಂಟಲ್ ಕಡಿಮೆ. ಗಾಡಿಯ ಹೊಟ್ಟೆ ಕಲ್ಲಿಗೆ ತಾಗುವುದು ತಪ್ಪುತ್ತದೆ. ಇಳಿದವರು ಗಾಡಿಯ ಹಿಂದೆ ನಿಲ್ಲಬೇಡಿ, ಇಳಿಜಾರಿನ ಕೆಳಬದಿಯಲ್ಲೂ ನಿಲ್ಲಬೇಡಿ. ಮೇಲ್ಬದಿಯಲ್ಲಿ, ಹತ್ತು ಹೆಜ್ಜೆ ದೂರದಲ್ಲಿ ನಿಲ್ಲಿ.

ಸ್ವಂತ ಗಾಡಿ ತಂದಿದ್ದರೆ

ಚಾಲಕರ ಜೀಪ್ ಮುಂದೆ, ನೀವು ಹಿಂದೆ. ಅವರ ಗಾಡಿ ಕಷ್ಟದ ಜಾಗ ಪೂರ್ತಿ ದಾಟುವವರೆಗೆ ನೀವು ಹೊರಡಬೇಡಿ. ಮುಂದಿನದು ಹಿಂದಕ್ಕೆ ಜಾರಿದರೆ ಎರಡೂ ಹೋದವು.

ಟೈರಿನ ಗಾಳಿ ಟಾರು ರಸ್ತೆಗೆ 30-32 ಪಿಎಸ್‌ಐ ಇದ್ದರೆ, ಮಣ್ಣಿಗೆ ಇಳಿಯುವಾಗ 22-24ಕ್ಕೆ ಇಳಿಸಿ. ಟೈರು ಅಗಲವಾಗಿ ನೆಲ ಹಿಡಿಯುತ್ತದೆ, ಕಲ್ಲಿನ ಕುಲುಕಾಟವೂ ಕಡಿಮೆ. ವಾಪಸ್ ಟಾರಿಗೆ ಬಂದ ಕೂಡಲೇ ಮತ್ತೆ ತುಂಬಿಸಿ. ಕಡಿಮೆ ಗಾಳಿಯಲ್ಲಿ ವೇಗವಾಗಿ ಓಡಿಸಿದರೆ ಟೈರು ಬಿಸಿಯಾಗಿ ಹಾಳಾಗುತ್ತದೆ. ಹಾಗಾಗಿ ಗಾಳಿ ತುಂಬುವ ಚಿಕ್ಕ ಪಂಪು ಇಲ್ಲದಿದ್ದರೆ ಗಾಳಿ ಬಿಡಲೇಬೇಡಿ.

ಫೋರ್ ಲೋ (ಫೋರ್ ವೀಲಿನ ನಿಧಾನ, ಹೆಚ್ಚು ಎಳೆತದ ಗೇರು) ಕೆಸರಿಗೆ ಬರುವ ಮೊದಲೇ ಹಾಕಿ. ಹೂತುಹೋದ ಮೇಲೆ ಹಾಕುವವರೇ ಜಾಸ್ತಿ. ಇಳಿಜಾರಿನಲ್ಲಿ ಫೋರ್ ಲೋ, ಮೊದಲ ಗೇರು, ಕ್ಲಚ್ಚಿನಿಂದ ಕಾಲು ತೆಗೆದು ಎಂಜಿನ್ನಿನ ಹಿಡಿತದಲ್ಲೇ ಇಳಿಯಿರಿ. ಬ್ರೇಕನ್ನೇ ಒತ್ತಿ ಹಿಡಿದು ಇಳಿದರೆ ಚಕ್ರ ಲಾಕ್ ಆಗಿ ಗಾಡಿ ಜಾರುಬಂಡಿ ಆಗುತ್ತದೆ. ಮತ್ತೆ ಟಾರು ರಸ್ತೆಗೆ ಬಂದಾಗ ಫೋರ್ ವೀಲ್ ತೆಗೆಯಲು ಮರೆಯಬೇಡಿ. ಥಾರ್, ಜಿಮ್ನಿಯಂಥ ಗಾಡಿಗಳಲ್ಲಿ ಒಣ ಟಾರಿನ ಮೇಲೆ ಫೋರ್ ವೀಲ್ ಹಾಕಿ ತಿರುಗಿಸಿದರೆ ಗೇರಿನ ಭಾಗಗಳಿಗೆ ಪೆಟ್ಟು.

ದಾರಿಗೆ ಅಡ್ಡವಾಗಿ ಹಳ್ಳ ಹರಿಯುತ್ತಿದ್ದರೆ ಮೊದಲು ಒಬ್ಬರು ಕೋಲು ಹಿಡಿದು ನಡೆದು ನೋಡಿ. ಮೊಣಕಾಲು ಮುಟ್ಟಿದರೆ ಗಾಡಿ ಬೇಡ. ಕಾಲು ಎಳೆಯುವಷ್ಟು ಸೆಳೆತ ಇದ್ದರೆ ಆಳ ಎಷ್ಟೇ ಇರಲಿ, ಬೇಡ. ದಾಟುವಾಗ ಒಂದೇ ಗೇರು, ಒಂದೇ ನಿಧಾನ. ನಡುವೆ ಎಂಜಿನ್ ಆಫ್ ಆಗಿ ಒಳಗೆ ನೀರು ಹೋಗಿರುವ ಅನುಮಾನ ಇದ್ದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಸಿಲಿಂಡರಿನಲ್ಲಿ ನೀರಿದ್ದಾಗ ಕೀ ತಿರುಗಿಸಿದರೆ ಎಂಜಿನ್ನೇ ಮುರಿಯುತ್ತದೆ. ಹಗ್ಗ ಕಟ್ಟಿ ಎಳೆಸಿ. ದಾಟಿದ ಮೇಲೆ ನಿಧಾನಕ್ಕೆ ಹೋಗುತ್ತಾ ಬ್ರೇಕನ್ನು ನಾಲ್ಕೈದು ಸಲ ಮೆಲ್ಲಗೆ ಒತ್ತಿ ಒಣಗಿಸಿ.

ಹೂತುಹೋದರೆ

ಒಂದು ಸಲ ನಾನೇ ಮಾಡಿದ ತಪ್ಪು ಹೇಳುತ್ತೇನೆ. ಹುಬ್ಬಳ್ಳಿಯಿಂದ ಬಂದ ಭಾವನ ಮಕ್ಕಳ ಮುಂದೆ ಜಂಬ ತೋರಿಸಲು ಚಾಲಕರ ಮಾತು ಕೇಳದೆ ಬದಿಯ ಹುದುಲಿಗೆ, ಅಂದರೆ ಕೆಸರಿಗೆ, ಗಾಡಿ ಇಳಿಸಿದೆ. ಹೂತಿತು. ಆಕ್ಸಿಲರೇಟರ್ ಒತ್ತಿದೆ. ಇನ್ನೂ ಹೂತಿತು. ಮತ್ತೂ ಒತ್ತಿದೆ. ಕೊನೆಗೆ ಗಾಡಿಯ ಹೊಟ್ಟೆಯೇ ನೆಲಕ್ಕೆ ಕೂತಿತು. ಟ್ರ್ಯಾಕ್ಟರ್ ಬರುವಷ್ಟರಲ್ಲಿ ಮೂರು ಗಂಟೆ ಹೋಗಿತ್ತು. ಮಕ್ಕಳು ಈಗಲೂ ಆ ಕಥೆ ಹೇಳಿ ನಗುತ್ತಾರೆ.

ಸರಿಯಾದ ಕ್ರಮ ಇದು. ಚಕ್ರ ಸುಮ್ನೆ ತಿರುಗಲು ಶುರುವಾದ ಕೂಡಲೇ ಕಾಲು ತೆಗೆಯಿರಿ. ಎಲ್ಲರೂ ಇಳಿಯಿರಿ. ಚಕ್ರದ ಮುಂದಿನ ಕೆಸರನ್ನು ಸಲಿಕೆಯಿಂದ ತೆಗೆದು ಇಳಿಜಾರು ಮಾಡಿ. ಅಲ್ಲಿ ಚಿಕ್ಕ ಕಲ್ಲು, ಒಣಗಿದ ಅಡಿಕೆ ಸೋಗೆ, ಬಿದ್ದ ಕೊಂಬೆ ಹಾಕಿ. ಗಾಡಿಯೊಳಗಿನ ಕಾಲೊರಸು ಹಾಸಿದರೂ ಆಗುತ್ತದೆ. ಹಸಿ ಮರ ಕಡಿಯಬೇಡಿ. ಆಮೇಲೆ ಬಂದ ದಾರಿಯಲ್ಲೇ ಹಿಂದಕ್ಕೆ ತೆಗೆಯಲು ನೋಡಿ. ಮುಂದಕ್ಕೆ ಹೋಗುವುದಕ್ಕಿಂತ ಅದು ಸುಲಭ. ಹಗ್ಗದಿಂದ ಎಳೆಯುವಾಗ ಹಗ್ಗದ ಉದ್ದದ ಒಂದೂವರೆ ಪಟ್ಟು ದೂರದ ಒಳಗೆ ಯಾರೂ ನಿಲ್ಲಬಾರದು. ತುಂಡಾದ ಹಗ್ಗ ಚಾಟಿಯ ಹಾಗೆ ಬರುತ್ತದೆ.

## ಹಂತ 7: ಹೊಳೆಗೆ ಇಳಿಯುವುದು

ಗಾಡಿ ನಿಲ್ಲಿಸಿದ ಮೇಲೆ ಕಾಡಿನ ಇಳಿಜಾರಿನಲ್ಲಿ ನಡಿಗೆ. ಇಳಿಯಲು ಹಿಡಿದ ಹೊತ್ತಿನ ಎರಡರಷ್ಟು ಹತ್ತಲು ಇಟ್ಟುಕೊಳ್ಳಿ. ಮಂಡಿ ನೋವಿನವರು ಮೇಲೆಯೇ ಇರಲಿ, "ಸ್ವಲ್ಪ ದೂರ ಅಷ್ಟೇ ಬನ್ನಿ ಅಜ್ಜಿ" ಎಂದು ಪುಸಲಾಯಿಸಬೇಡಿ. ಮಣ್ಣಿನಿಂದ ಎದ್ದ ಬೇರುಗಳನ್ನು ಮೆಟ್ಟಬೇಡಿ, ದಾಟಿ. ಒದ್ದೆ ಬೇರು ಸಾಬೂನಿನಷ್ಟೇ ಜಾರುತ್ತದೆ.

ನೀರಿನ ಹತ್ತಿರ ಹಾವಸೆ (ಪಾಚಿ) ಕಟ್ಟಿದ ಕಲ್ಲುಗಳಿವೆ. ಕಪ್ಪಗೆ, ಮಿರಮಿರ ಹೊಳೆಯುವ ಕಲ್ಲಿನ ಮೇಲೆ ಕಾಲಿಡಬೇಡಿ. ಗುಂಡಿಗೆ ಹಾರಬೇಡಿ, ಈಜು ಬಂದರೂ. ತಳದಲ್ಲಿ ಎಲ್ಲಿ ಬಂಡೆ ಇದೆ ಎಂದು ಮೇಲಿನಿಂದ ತಿಳಿಯುವುದಿಲ್ಲ.

ಈ ಸೂಚನೆಗಳಲ್ಲಿ ಒಂದು ಕಂಡರೂ ಆ ಕ್ಷಣವೇ ದಡ ಹತ್ತಿ:

- ತಿಳಿ ನೀರು ಕೆಂಪಾಗುವುದು
- ನೀರಿನಲ್ಲಿ ತರಗೆಲೆ, ಕಡ್ಡಿಗಳು ಒಟ್ಟೊಟ್ಟಿಗೆ ತೇಲಿ ಬರುವುದು
- ಸದ್ದು ಬದಲಾಗುವುದು
- ಬಂದಾಗ ಕಾಣುತ್ತಿದ್ದ ಕಲ್ಲು ಮುಳುಗುವುದು

ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಮೇಲೆ ಬೆಟ್ಟದಲ್ಲಿ ಮಳೆ ಬಿದ್ದಿರಬಹುದು. ಅಕ್ಟೋಬರ್-ನವೆಂಬರಿನ ಗುಡುಗು ಮಳೆಗೆ ಇದು ತೀರಾ ಸಾಮಾನ್ಯ. ಈ ಹೊಳೆಗೆ ಮೇಲೆ ತಡೆದು ನಿಲ್ಲಿಸುವ ಅಣೆಕಟ್ಟು ಇಲ್ಲ, ಬಿದ್ದ ನೀರು ನೇರ ನಿಮ್ಮ ಕಡೆಗೇ.

## ಹಂತ 8: ವಾಪಸ್ ಹೊರಡುವ ಗಂಟೆ

ಹನ್ನೊಂದೂವರೆಗೆ ಬೆಣ್ಣೆಹೊಳೆಯಿಂದ ಹತ್ತಲು ಶುರು ಮಾಡಬೇಕು. ಜಲಪಾತ ಮುಟ್ಟಿರಲಿ, ಮುಟ್ಟದೇ ಇರಲಿ. ಈ ಗಂಟೆಯನ್ನು ಬೆಳಗ್ಗೆಯೇ ಎಲ್ಲರ ಎದುರು ಹೇಳಿಬಿಡಿ. ಅಲ್ಲಿ ನಿಂತು "ಇನ್ನೊಂದೈದು ನಿಮಿಷ" ಎನ್ನುವವರ ಜೊತೆ ವಾದ ಮಾಡಲು ಆಗುವುದಿಲ್ಲ.

ಚಾಲಕರು "ಇವತ್ತು ಬೇಡ" ಎಂದರೆ ಅದು ಕೊನೆಯ ಮಾತು. ಜಾಸ್ತಿ ದುಡ್ಡು ಕೊಡುತ್ತೇನೆ ಎನ್ನಬೇಡಿ. ಆ ಮಾತಿಗೆ ಒಪ್ಪುವ ಚಾಲಕರ ಜೊತೆ ನೀವು ಹೋಗಲೇಬಾರದು.

ಹತ್ತುವಾಗ ಗಾಡಿಯ ಕಡೆಗೂ ಮೂಗು ಕೊಡಿ. ಸುಟ್ಟ ವಾಸನೆ ಬಂದರೆ ಕ್ಲಚ್ಚೋ ಬ್ರೇಕೋ ಬಿಸಿಯಾಗಿದೆ, ಅರ್ಧ ಗಂಟೆ ನಿಲ್ಲಿಸಿ. ಬ್ರೇಕ್ ಪೆಡಲ್ ಮೆತ್ತಗಾಗಿ ಒಳಕ್ಕೆ ಹೋಗುತ್ತಿದ್ದರೆ ಒಂದು ಮಾರು ಕೂಡ ಮುಂದೆ ಹೋಗಬೇಡಿ. ಧರೆಯಿಂದ ಚಿಕ್ಕ ಕಲ್ಲುಗಳು ಉರುಳುತ್ತಿದ್ದರೆ, ದಾರಿಯ ಮೇಲೆ ಹೊಸ ಬಿರುಕು ಕಂಡರೆ ಅದರ ಕೆಳಗೆ ನಿಂತು ಫೋಟೋ ತೆಗೆಯಬೇಡಿ.

## ಹಂತ 9: ಊಟ ಮತ್ತು ಉಂಚಳ್ಳಿ

ಒಂದೂವರೆ ಹೊತ್ತಿಗೆ ಊಟದ ಮನೆ. ಅಪ್ಪೆಹುಳಿ, ತಂಬುಳಿ ಇದ್ದರೆ ನಿದ್ದೆ ಬರುವುದು ಸಹಜ, ಆದರೆ ಎರಡೂವರೆಗೆ ಏಳಲೇಬೇಕು. ಉಂಚಳ್ಳಿಯಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಮೆಟ್ಟಿಲು ಇಳಿಯಿರಿ, ಕಟಕಟೆಯ ಒಳಗೇ ನಿಂತು ನೋಡಿ. ನೀರು ಬೀಳುವ ನೆತ್ತಿಯ ಬಂಡೆಗೆ ಹೋಗಬೇಡಿ. ನಾಲ್ಕೂವರೆಗೆ ಗಾಡಿ ಹತ್ತಿ. ಡಿಸೆಂಬರಿನಲ್ಲಿ ಆರು ಗಂಟೆ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ಮರಗಳ ಅಡಿಯಲ್ಲಿ ಐದೂವರೆಗೇ ಕತ್ತಲು.

## ಹಂತ 10: ಮನೆಗೆ ಬಂದ ಮೇಲೆ

ಉಂಬಳ ಕಚ್ಚಿದ್ದರೆ ಹೆದರಬೇಡಿ. ಉಪ್ಪು ಹಾಕಿದರೆ ಬಿಡುತ್ತದೆ, ತೊಳೆದು ಬಟ್ಟೆ ಒತ್ತಿ ಹಿಡಿಯಿರಿ. ರಕ್ತ ಸ್ವಲ್ಪ ಹೊತ್ತು ಸೋರುತ್ತದೆ, ಅಷ್ಟೇ.

ಹೆದರಬೇಕಾದ್ದು ಉಣುಗಿಗೆ (ರಕ್ತ ಹೀರುವ ಉಣ್ಣೆಗೆ). ಸಿದ್ದಾಪುರದ ಕಡೆ ಮಂಗನ ಕಾಯಿಲೆ ಇದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಡಿಸೆಂಬರಿನಿಂದ ಮೇವರೆಗೆ, ಅಂದರೆ ನೀವು ತಿರುಗುವ ಕಾಲದಲ್ಲೇ ಜಾಸ್ತಿ. ಸೋಂಕಿರುವ ಉಣುಗು ಕಚ್ಚಿದರೆ ಬರುತ್ತದೆ. ಕಾಡಿಗೆ ಹೋಗುವ ಮೊದಲು ಆರೋಗ್ಯ ಕೇಂದ್ರದಲ್ಲಿ ಡೇಪಾ ತೈಲ (ಉಣುಗು ಕಚ್ಚದಂತೆ ಹಚ್ಚುವ ಎಣ್ಣೆ) ಸಿಕ್ಕರೆ ಕೈಕಾಲಿಗೆ ಹಚ್ಚಿಕೊಳ್ಳಿ. ತರಗೆಲೆಯ ಮೇಲೆ ಕೂರಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪಂಚಾಯಿತಿಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಿ.

ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಕಿವಿಯ ಹಿಂದೆ, ಕಂಕುಳು, ಸೊಂಟ, ಮಂಡಿಯ ಹಿಂಬದಿ, ಇಷ್ಟನ್ನು ಬೆರಳಾಡಿಸಿ ನೋಡಿ. ಮರಿ ಉಣುಗು ಎಳ್ಳಿಗಿಂತ ಚಿಕ್ಕದು. ಸಿಕ್ಕರೆ ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ, ಹಿಚುಕಬೇಡಿ. ಮುಂದಿನ ಹತ್ತು ದಿನದ ಒಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಗುಳಿಗೆ ನುಂಗಿ ಮಲಗಬೇಡಿ. ಡಾಕ್ಟರ ಹತ್ತಿರ ಹೋಗಿ. ಅವರು ಕೇಳುವ ಮೊದಲೇ ಯಾವ ತಾರೀಖಿಗೆ ಯಾವ ಕಾಡಿಗೆ ಹೋಗಿದ್ದಿರಿ ಎಂದು ಹೇಳಿ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೂತ ಡಾಕ್ಟರಿಗೆ ನೀವು ಹೇಳದೆ ಅದು ಹೊಳೆಯುವುದು ಕಷ್ಟ. ಚಾಲಕರಿಗೂ ಒಂದು ಫೋನ್ ಮಾಡಿ, ಅವರೂ ನಿಮ್ಮ ಜೊತೆಗೇ ಅದೇ ತರಗೆಲೆಯ ಮೇಲೆ ನಡೆದಿದ್ದರು.